ಕದಡಿದ ನೀರಿನ ಕಥೆ



ಕಳೆದ ತಿಂಗಳು ಬೆಂಗಳೂರಿನಿಂದ ಮಗಳು ದೂರವಾಣಿ ಮಾಡಿದ್ದಳು. ಮೊಮ್ಮಗನ ಹುಟ್ಟುಹಬ್ಬಕ್ಕೆಂದು ಮನೆಗೆ ಗಾಜಿನ ಮೀನುತೊಟ್ಟಿಯೊಂದನ್ನು ತಂದಿದ್ದಾರಂತೆ. ನೀರು ತುಂಬಿಸಿ ನಾಲ್ಕು ದಿನವಾಗುವಷ್ಟರಲ್ಲಿ ಅದು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗಿದೆ. "ಅಪ್ಪಾ, ಇಡೀ ತೊಟ್ಟಿ ಖಾಲಿ ಮಾಡಿ ಬ್ಲೀಚಿಂಗ್ ಪುಡಿ ಹಾಕಿ ತೊಳೆದುಬಿಡಲಾ?" ಎಂದು ಕೇಳಿದಳು. ನಾನು ಅಗತ್ಯಕ್ಕಿಂತ ಗಟ್ಟಿಯಾಗಿಯೇ "ಬೇಡ, ಬೇಡ" ಎಂದುಬಿಟ್ಟೆ. ಆ ಕಡೆಯಿಂದ ಒಂದು ಕ್ಷಣ ಸದ್ದೇ ಇಲ್ಲ. ನನ್ನ ಧ್ವನಿ ಏಕೆ ಹಾಗೆ ಏರಿತೆಂಬುದು ಅವಳಿಗೆ ತಿಳಿಯುವಂತಿರಲಿಲ್ಲ. ಅದನ್ನು ಹೇಳಬೇಕಾದರೆ ಮೂವತ್ತೇಳು ವರ್ಷ ಹಿಂದಕ್ಕೆ ಹೋಗಬೇಕು. ಅದಕ್ಕೂ ಹಿಂದೆ, ನೀರನ್ನು ತಿಳಿಯಾಗಿಸಲು ಮನುಷ್ಯ ಪಟ್ಟ ಪಾಡಿನ ಚರಿತ್ರೆಯನ್ನೂ ಸ್ವಲ್ಪ ಹೇಳಬೇಕು. ಮೇಷ್ಟ್ರ ಹಳೆಯ ಚಾಳಿ ಎಂದು ನೀವು ಸಹಿಸಿಕೊಳ್ಳುವಿರೆಂಬ ಭರವಸೆಯಿದೆ.

ಕೆಂಪು ನೀರು

ಮುಟ್ಟಳ್ಳಿಯಲ್ಲಿ ಹುಟ್ಟಿ ಬೆಳೆದವರಿಗೆ ಕದಡಿದ ನೀರು ಹೊಸತಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ ನಮ್ಮದು. ಚಿರೆಕಲ್ಲಿನ ಗುಡ್ಡದಿಂದಿಳಿಯುವ ನೀರು ಆಷಾಢದಲ್ಲಿ ಕಾವಿ ಬಣ್ಣ ತಳೆಯುತ್ತದೆ. ಬಾವಿಯ ಕಟ್ಟೆ ತಗ್ಗಾಗಿದ್ದ ಮನೆಗಳಲ್ಲಂತೂ ಕುಡಿಯುವ ನೀರೂ ಕೆಂಪೇ. ನಮ್ಮ ಅಜ್ಜಿ ತಾಮ್ರದ ಕೊಡಪಾನದಲ್ಲಿ ನೀರು ತುಂಬಿಸಿ, ಪಟಿಕದ ತುಂಡನ್ನು ಎರಡು ಸುತ್ತು ತಿರುಗಿಸಿ ತೆಗೆದು, ರಾತ್ರಿಯಿಡೀ ಅಲುಗಿಸದೆ ಬಿಡುತ್ತಿದ್ದರು. ಬೆಳಗಾದಾಗ ಮಣ್ಣು ತಳದಲ್ಲಿ, ತಿಳಿನೀರು ಮೇಲೆ. ಗದ್ದೆಯ ಕಾಲುವೆಯಿಂದ ಹಿಡಿದು ತಂದ ನಾಲ್ಕಾರು ಸಣ್ಣ ಮೀನುಗಳನ್ನು ಬಾವಿಗೆ ಬಿಡುವ ರೂಢಿಯೂ ನಮ್ಮ ಮನೆಯಲ್ಲಿತ್ತು. ಸೊಳ್ಳೆಯ ಮರಿಗಳನ್ನು ಅವು ತಿನ್ನುತ್ತವೆ ಎಂಬುದಷ್ಟೇ ಅಜ್ಜಿ ಕೊಡುತ್ತಿದ್ದ ಕಾರಣ.

2022ರ ಆಗಸ್ಟ್ ಮೊದಲ ವಾರದ ಆ ಮಳೆಯನ್ನು ಇಲ್ಲಿಯವರಾರೂ ಮರೆಯಲಾರರು. ಒಂದೇ ಅಹೋರಾತ್ರಿಯಲ್ಲಿ ಭಟ್ಕಳದಲ್ಲಿ ಐನೂರು ಮಿಲಿಮೀಟರಿಗೂ ಹೆಚ್ಚು ಮಳೆ ಬಿತ್ತು. ಆಗಸ್ಟ್ 2ರಂದು ನಮ್ಮ ಮುಟ್ಟಳ್ಳಿಯಲ್ಲಿಯೇ ಗುಡ್ಡ ಜರಿದು ಒಂದೇ ಮನೆಯ ನಾಲ್ವರು ಅಸುನೀಗಿದರು. ಅನಂತರ ಎಷ್ಟೋ ದಿನ ನಮ್ಮ ಬಾವಿಯ ನೀರು ಕೆಂಪಾಗಿಯೇ ಇತ್ತು. ಕೊಡಪಾನವನ್ನು ಮೇಲೆಳೆದಾಗಲೆಲ್ಲ ಆ ಮನೆಯ ನೆನಪಾಗಿ ಮನಸ್ಸು ಭಾರವಾಗುತ್ತಿತ್ತು.

ಮಣ್ಣಿನಿಂದ ಕದಡಿದ ನೀರಿಗೆ ನಮ್ಮ ಹಿರಿಯರಲ್ಲಿ ಪರಿಹಾರವಿತ್ತು. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ನೀರಿನ ಕಲ್ಮಷ ಕಳೆಯುವ ಏಳು ವಸ್ತುಗಳ ಪಟ್ಟಿಯೇ ಇದೆ: ಕತಕ, ಗೋಮೇದಕ, ತಾವರೆಯ ಗೆಡ್ಡೆ, ಪಾಚಿಯ ಬೇರು, ಬಟ್ಟೆ, ಮುತ್ತು ಮತ್ತು ಸ್ಫಟಿಕಮಣಿ. ಕತಕವೆಂದರೆ ಒಣಸೀಮೆಯ ಎಲೆಯುದುರುವ ಕಾಡುಗಳಲ್ಲಿ ಬೆಳೆಯುವ ಚಿಲ್ಲದ ಮರದ ಬೀಜ. ಮಡಕೆಯ ಒಳಮೈಗೆ ಅದನ್ನು ತೇಯ್ದು ನೀರು ತುಂಬಿಸಿದರೆ ಕೆಲವು ಗಂಟೆಗಳಲ್ಲಿ ಕೆಸರು ತಳಕ್ಕಿಳಿಯುತ್ತದೆ. ನುಗ್ಗೆಬೀಜಕ್ಕೂ ಇದೇ ಗುಣವುಂಟು; ನೈಲ್ ನದಿಯ ಕೆಂಪು ನೀರನ್ನು ಸುಡಾನಿನ ಹೆಂಗಸರು ಅದರಿಂದಲೇ ತಿಳಿಗೊಳಿಸುತ್ತಿದ್ದರು. ಮಣ್ಣಿನ ಸೂಕ್ಷ್ಮ ಕಣಗಳ ಮೇಲೆ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಿರುತ್ತವೆ. ಪಟಿಕದ ಅಲ್ಯೂಮಿನಿಯಮ್ ಆಗಲಿ, ನುಗ್ಗೆಬೀಜದ ಪ್ರೋಟೀನ್ ಆಗಲಿ ಧನ ವಿದ್ಯುದಂಶವುಳ್ಳದ್ದು. ಆ ತಳ್ಳಾಟ ನಿಂತೊಡನೆ ಕಣಗಳು ಗುಂಪುಗೂಡಿ, ಭಾರವಾಗಿ, ತಳ ಸೇರುತ್ತವೆ.

ಮನುಸ್ಮೃತಿಯ ಆರನೆಯ ಅಧ್ಯಾಯದಲ್ಲಿಯೂ ಈ ಕತಕ ಒಂದು ದೃಷ್ಟಾಂತವಾಗಿ ಬರುತ್ತದೆ. ಬರಿಯ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದು ಎಂಬುದು ಅದರ ಅಭಿಪ್ರಾಯ. ಈ ದೃಷ್ಟಾಂತವನ್ನು ನೆನಪಿಟ್ಟುಕೊಳ್ಳಿ. ಅದು ನನಗೆ ಹೇಗೆ ಅನ್ವಯಿಸಿತೆಂಬುದನ್ನು ಮುಂದೆ ಹೇಳುತ್ತೇನೆ.

1988ರ ಗಾಜಿನ ತೊಟ್ಟಿ

ಬಿ.ಎಡ್. ಮುಗಿಸಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕನಾಗಿ ಸೇರಿ ಐದಾರು ವರ್ಷಗಳಾಗಿದ್ದವು. ವಿದ್ಯಾರ್ಥಿಗಳನ್ನು ಬೆಂಗಳೂರಿಗೆ ಪ್ರವಾಸ ಕರೆದುಕೊಂಡು ಹೋದಾಗ, ಕಬ್ಬನ್ ಉದ್ಯಾನದಲ್ಲಿ 1983ರಲ್ಲಿ ಆರಂಭವಾಗಿದ್ದ ಮತ್ಸ್ಯಾಲಯವನ್ನು ತೋರಿಸಿದ್ದೆ. ಕಡಲ ತೀರದ ನಮ್ಮ ಮಕ್ಕಳಿಗೆ ಮೀನೆಂದರೆ ಪೇಟೆಯ ಬುಟ್ಟಿಯಲ್ಲಿ ಕಾಣುವ ವಸ್ತು. ಗಾಜಿನಾಚೆ ಉಸಿರಾಡುವ ಮೀನನ್ನು ಕಂಡು ಅವರು ಅಲುಗಾಡದೆ ನಿಂತುಬಿಟ್ಟಿದ್ದರು. ಊರಿಗೆ ಮರಳಿದ ಮೇಲೆ ನಮ್ಮ ಶಾಲೆಗೂ ಒಂದು ತೊಟ್ಟಿ ಬೇಕೆಂಬ ಹುಚ್ಚು ನನಗೆ ಹಿಡಿಯಿತು. ಮಂಗಳೂರಿಗೆ ಹೋಗಿ ಎರಡಡಿ ಉದ್ದದ ಗಾಜಿನ ತೊಟ್ಟಿಯೊಂದನ್ನೂ, ಪ್ಲಾಸ್ಟಿಕ್ ಚೀಲದಲ್ಲಿ ಆರು ಚಿನ್ನದ ಮೀನುಗಳನ್ನೂ ಕೊಂಡು, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಕೊಂಕಣ ರೈಲು ಇನ್ನೂ ಕನಸಾಗಿದ್ದ ಕಾಲ. ಬೈಂದೂರು ದಾಟುವವರೆಗೂ ಒಂದು ಮೀನಾದರೂ ಮಗುಚಿಕೊಂಡಿತೇ ಎಂದು ಚೀಲವನ್ನೇ ನೋಡುತ್ತ ಕುಳಿತಿದ್ದೆ.

ತೊಟ್ಟಿಯ ಉಸ್ತುವಾರಿಯನ್ನು ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಗೆ ಒಪ್ಪಿಸಿದೆ. ಹೆಸರು ಬೇಡ. ಮಾತು ಕಡಿಮೆ, ಕೆಲಸದಲ್ಲಿ ಬಲು ಅಚ್ಚುಕಟ್ಟು. ತೊಟ್ಟಿ ಸಿದ್ಧವಾದ ವಾರದಲ್ಲಿಯೇ ನನಗೆ ತರಬೇತಿ ಶಿಬಿರಕ್ಕೆ ಕರೆ ಬಂತು. ಹನ್ನೆರಡು ದಿನ ನಾನು ಊರಿನಲ್ಲಿರಲಿಲ್ಲ. ಹಿಂದಿರುಗಿ ವಿಜ್ಞಾನ ಕೊಠಡಿಯ ಬಾಗಿಲು ತೆರೆದರೆ ತೊಟ್ಟಿಯ ನೀರು ಮಜ್ಜಿಗೆಯಂತಾಗಿತ್ತು. ಮೀನುಗಳು ಮಸುಕಾದ ಕೇಸರಿ ನೆರಳುಗಳಂತೆ ಕಂಡವು. ಸಾಲದ್ದಕ್ಕೆ ಮರುವಾರ ತಪಾಸಣೆಗೆ ಇಲಾಖೆಯ ಅಧಿಕಾರಿಗಳು ಬರುವವರಿದ್ದರು.

ನಾನು ಆ ಹುಡುಗನನ್ನು ತರಗತಿಯೆದುರೇ ಎಬ್ಬಿಸಿ ನಿಲ್ಲಿಸಿ ಗದರಿದೆ. ಅನ್ನ, ಚುರುಮುರಿ ಸುರಿದಿರಬೇಕು, ನೀರನ್ನೇ ಬದಲಿಸಿರಲಿಕ್ಕಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ಅವನು ತಲೆ ತಗ್ಗಿಸಿ ಹೇಳಿದ್ದು ಇಷ್ಟೇ: "ದಿನಾ ಒಂದು ಬಾಲ್ದಿ ಬದಲಿಸ್ತಿದ್ದೆ ಸರ್. ಮೀನು ಚೆನ್ನಾಗೇ ತಿಂತಾವೆ. ಸ್ವಲ್ಪ ದಿನ ಹಾಗೇ ಬಿಟ್ರೆ ತಿಳಿ ಆಗ್ತದೆ ಅನ್ನಿಸ್ತದೆ. ಬಾವಿ ಕಲಕಿದ್ರೆ ನಮ್ಮಜ್ಜನೂ ಹಾಗೇ ಬಿಡ್ತಾರೆ."

ಮೂವತ್ತರ ಹರೆಯದ ಬಿ.ಎಡ್. ಪದವೀಧರನಿಗೆ ಅಜ್ಜನ ಬಾವಿಯ ಪಾಠವೇ? ಅದೇ ಸಂಜೆ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿಸಿದೆ. ಮರಳು, ಕಲ್ಲು, ಗಾಳಿಯಂತ್ರದ ಸ್ಪಂಜು ಎಲ್ಲವನ್ನೂ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿಸಿ, ಹಲವು ಬಾರಿ ತೊಳೆಸಿ, ಹೊಸ ನೀರು ತುಂಬಿಸಿದೆ. ತೊಟ್ಟಿ ಸ್ಫಟಿಕದಂತೆ ಹೊಳೆಯಿತು. ಎರಡು ದಿನ ನನಗೆ ಹೆಮ್ಮೆಯೋ ಹೆಮ್ಮೆ. ನಾಲ್ಕನೆಯ ದಿನ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಡತೊಡಗಿದವು. ಎಂಟನೆಯ ದಿನಕ್ಕೆ ಆರೂ ಸತ್ತಿದ್ದವು. ನೀರು ಮಾತ್ರ ಕೊನೆಯವರೆಗೂ ಬಹುಮಟ್ಟಿಗೆ ತಿಳಿಯಾಗಿಯೇ ಇತ್ತು.

ಹುಡುಗನಿಗೆ ನಾನು ಏನನ್ನೂ ಹೇಳಲಿಲ್ಲ. ತಪ್ಪು ಅವನದಲ್ಲವೆಂದು ಒಳಗೊಳಗೇ ಅನಿಸಿದ್ದರೂ ಬಾಯಿ ಬಿಡಲಿಲ್ಲ. ಅವನು ವಿಜ್ಞಾನ ಕೊಠಡಿಯ ಕಡೆ ಮತ್ತೆ ಬರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಊರು ಬಿಟ್ಟನೆಂದು ಕೇಳಿದೆ.

ತಂದೆ ಮತ್ತು ಮಗ

ಈ ಸಾವಿನ ಕಾರಣವನ್ನು ಸರಿಯಾಗಿ ಅರಿಯಲು ನನಗೆ ವರ್ಷಗಳೇ ಬೇಕಾದವು. ಓದುತ್ತ ಹೋದಂತೆ ಲಂಡನ್ನಿನ ಒಂದು ತಂದೆ-ಮಗನ ಕಥೆ ಸಿಕ್ಕಿತು.

ಗಾಜಿನ ತೊಟ್ಟಿಯಲ್ಲಿ ಜಲಜೀವಿಗಳನ್ನಿಟ್ಟು ವೈಜ್ಞಾನಿಕವಾಗಿ ಅಭ್ಯಸಿಸಿದವರಲ್ಲಿ ಮೊದಲಿಗಳು ಜಾನ್ ವಿಲ್‌ಪ್ರೂ-ಪವರ್ ಎಂಬ ಫ್ರೆಂಚ್ ಮಹಿಳೆ. ಆಕೆ 1832ರಲ್ಲಿ ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿ ಇಂಥ ತೊಟ್ಟಿ ಕಟ್ಟಿದಳು. ಆದರೆ ನೀರನ್ನು ಬದಲಿಸದೆಯೇ ಮೀನು ಬದುಕಬಲ್ಲುದೇ ಎಂಬ ಪ್ರಶ್ನೆಯನ್ನು ಎತ್ತಿಕೊಂಡವನು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ (1807–1867). 1849ರಲ್ಲಿ ಅವನು ಸುಮಾರು ಐವತ್ತೈದು ಲೀಟರು ನೀರಿನಲ್ಲಿ ಎರಡು ಚಿನ್ನದ ಮೀನುಗಳನ್ನೂ, ಪಟ್ಟಿಯಂಥ ಎಲೆಗಳ ವ್ಯಾಲಿಸ್ನೇರಿಯಾ ಎಂಬ ನೀರುಸಸ್ಯವನ್ನೂ ಇಟ್ಟನು. ಸಸ್ಯ ಆಮ್ಲಜನಕ ಕೊಡುತ್ತದೆ, ಮೀನು ಇಂಗಾಲಾಮ್ಲ ಕೊಡುತ್ತದೆ, ಲೆಕ್ಕ ಸರಿಹೋಗುತ್ತದೆ ಎಂಬುದು ಅವನ ಎಣಿಕೆ. ಆದರೆ ಹಳೆಯ ಎಲೆಗಳು ಕೊಳೆತು ನೀರು ಕದಡಿತು. ಗಾಜಿನ ಮೇಲೆ ಹಸಿರು ಲೋಳೆ ಕಟ್ಟಿತು. ಆಗ ಅವನು ಕೊಳದಿಂದ ಕೆಲವು ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತ ಎಲೆಯನ್ನೂ ಲೋಳೆಯನ್ನೂ ತಿಂದವು; ನೀರು ತಿಳಿಯಾಯಿತು. 1850ರಲ್ಲಿ ಈ ಪ್ರಯೋಗವನ್ನು ಲಂಡನ್ನಿನ ರಸಾಯನ ಸಂಘದ ಮುಂದೆ ಅವನು ಮಂಡಿಸಿದನು. ಮೂರು ವರ್ಷಗಳಲ್ಲಿ, ಅಂದರೆ 1853ರಲ್ಲಿ, ಲಂಡನ್ನಿನ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ 'ಅಕ್ವೇರಿಯಮ್' ಎಂಬ ಪದ ಮನೆಮಾತಾಯಿತು. ಆ ಅಲೆ ನಮ್ಮ ದೇಶಕ್ಕೂ ಬಂತು: 1909ರಲ್ಲಿ ಮದ್ರಾಸಿನಲ್ಲಿ, 1951ರಲ್ಲಿ ಮುಂಬಯಿಯ ತಾರಾಪೋರ್‌ವಾಲಾ ಮತ್ಸ್ಯಾಲಯದ ರೂಪದಲ್ಲಿ. ನಮ್ಮ ಜಿಲ್ಲೆ ಆಗಿನ್ನೂ ಮುಂಬಯಿ ರಾಜ್ಯಕ್ಕೇ ಸೇರಿತ್ತು.

ವಾರಿಂಗ್ಟನ್ನನ ಲೆಕ್ಕದಲ್ಲಿ ಮೀನು, ಗಿಡ, ಹುಳು ಎಂಬ ಮೂವರು ಪಾಲುದಾರರಿದ್ದರು. ಕಣ್ಣಿಗೆ ಕಾಣದ ನಾಲ್ಕನೆಯವರನ್ನು ಅವನು ಅರಿತಿರಲಿಲ್ಲ. ಮೀನು ತನ್ನ ಕಿವಿರುಗಳಿಂದ ಅಮೋನಿಯಾವನ್ನು ಹೊರಬಿಡುತ್ತದೆ; ಅದು ಮೀನಿಗೇ ವಿಷ. ಅದನ್ನು ಕರಗಿಸುವವರು ಯಾರು?

ಉತ್ತರದ ಮೊದಲ ಸುಳಿವು ಸಿಕ್ಕಿದ್ದು ಫ್ರಾನ್ಸಿನಲ್ಲಿ. 1877ರಲ್ಲಿ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬಿಬ್ಬರು ಮರಳು ಮತ್ತು ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಇಳಿಯಬಿಟ್ಟರು. ಸುಮಾರು ಇಪ್ಪತ್ತು ದಿನ ಅಮೋನಿಯಾ ಹಾಗೆಯೇ ಹೊರಬಂತು. ಅನಂತರ ಅದು ಮಾಯವಾಗಿ ನೈಟ್ರೇಟ್ ಕಾಣಿಸಿಕೊಂಡಿತು. ಕ್ಲೋರೋಫಾರ್ಮ್ ಆವಿ ಹಾಯಿಸಿದೊಡನೆ ಆ ಕ್ರಿಯೆ ನಿಂತಿತು. ಅಂದ ಮೇಲೆ ಅದು ಬರಿಯ ರಾಸಾಯನಿಕ ಕ್ರಿಯೆಯಲ್ಲ, ಜೀವಿಗಳ ಕೆಲಸ.

ಈ ಸುಳಿವನ್ನು ಹಿಡಿದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ದುಡಿದವನು ಮತ್ತೊಬ್ಬ ರಾಬರ್ಟ್ ವಾರಿಂಗ್ಟನ್ (1838–1907), ಆ ಮೊದಲನೆಯವನ ಮಗ! ಅಮೋನಿಯಾವನ್ನು ನೈಟ್ರೈಟ್ ಮಾಡುವುದು ಒಂದು ಹಂತ, ನೈಟ್ರೈಟನ್ನು ನೈಟ್ರೇಟ್ ಮಾಡುವುದು ಇನ್ನೊಂದು ಹಂತ, ಇವೆರಡನ್ನೂ ಬೇರೆ ಬೇರೆ ಜೀವಿಗಳು ಮಾಡುತ್ತವೆ ಎಂದು ಅವನು ತೋರಿಸಿದನು. ಆದರೆ ಆ ಜೀವಿಗಳನ್ನು ಪ್ರತ್ಯೇಕಿಸಿ ಹಿಡಿಯಲು ಅವನಿಂದಾಗಲಿಲ್ಲ. ಅವನು ಬಳಸಿದ ಜೆಲಾಟಿನ್ ಪೋಷಕದಲ್ಲಿ ಅವು ಬೆಳೆಯಲೊಲ್ಲವು. ಇವು ಕೊಳೆತದ್ದನ್ನು ತಿಂದು ಬದುಕುವ ಜಾತಿಯಲ್ಲವೆಂದು ಊಹಿಸಿ, ಸಾವಯವ ಅಂಶವೇ ಇಲ್ಲದ ಲವಣದ್ರಾವಣದಲ್ಲಿ ಅವನ್ನು ಬೆಳೆಸಿ ಗೆದ್ದವನು 1890ರಲ್ಲಿ, ಜ್ಯೂರಿಕ್‌ನಲ್ಲಿದ್ದ ರಷ್ಯನ್ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ.

ತಂದೆ ಕದಡಿದ ತೊಟ್ಟಿಯೆದುರು ಕುಳಿತು ಅರ್ಧ ಉತ್ತರ ಕಂಡ. ಉಳಿದರ್ಧದ ಬಹುಪಾಲನ್ನು ಮಗ ಹೊಲದ ಮಣ್ಣಿನಲ್ಲಿ ಕಂಡ. ಈ ಕಥೆಯನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ಸಾರಜನಕ ಚಕ್ರವನ್ನು ನಾನು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬಾಣಗಳ ಸಮೇತ ಬರೆಯುತ್ತಿದ್ದೆ. ನೈಟ್ರೋಸೋಮೋನಾಸ್, ನೈಟ್ರೋಬ್ಯಾಕ್ಟರ್ ಎಂಬ ಹೆಸರುಗಳನ್ನು ನಿಮ್ಮಿಂದ ಗಟ್ಟಿ ಮಾಡಿಸುತ್ತಿದ್ದೆ. ಆದರೆ ಅದೇ ಕೊಠಡಿಯ ಮೂಲೆಯ ತೊಟ್ಟಿಯಲ್ಲಿ ಆ ಚಕ್ರ ಆಗತಾನೆ ತಿರುಗಲು ತೊಡಗಿದ್ದುದು ನನಗೆ ಕಾಣಲಿಲ್ಲ. ಕತಕದ ಹೆಸರು ಹೇಳಿ ನೀರು ತಿಳಿಯಾಗಲೆಂದು ಕಾಯುವವನ ಹಾಗಾಗಿತ್ತು ನನ್ನ ವಿದ್ಯೆ.

ಆದದ್ದೇನು?

ಹೊಸ ತೊಟ್ಟಿಯಲ್ಲಿ ಮೀನಿನ ಮಲ ಮತ್ತು ಮಿಕ್ಕ ಆಹಾರವನ್ನು ತಿಂದು ಕೊಳೆಯಿಸುವ ಬ್ಯಾಕ್ಟೀರಿಯಾಗಳು ಮೊದಲು ಹೆಚ್ಚುತ್ತವೆ. ಅವು ಒಂದೆರಡು ಗಂಟೆಯೊಳಗೇ ಇಮ್ಮಡಿಯಾಗಬಲ್ಲವು. ಕೋಟಿಗಟ್ಟಲೆಯಾಗಿ ನೀರಿನಲ್ಲಿ ತೇಲುವ ಅವುಗಳ ರಾಶಿಯೇ ಆ ಹಾಲಿನ ಬಿಳುಪು. ಅಮೋನಿಯಾವನ್ನು ಕರಗಿಸುವ ಜೀವಿಗಳಾದರೋ ನಿಧಾನಸ್ಥರು. ಇಮ್ಮಡಿಯಾಗಲು ಅವಕ್ಕೆ ಅರ್ಧ ದಿನವೋ ಒಂದು ದಿನವೋ ಬೇಕು, ಕೆಲವೊಮ್ಮೆ ಇನ್ನೂ ಹೆಚ್ಚು. ಅವು ಹೆಚ್ಚಾಗಿ ನೀರಿನಲ್ಲಿ ತೇಲದೆ ಮರಳು, ಕಲ್ಲು, ಸ್ಪಂಜುಗಳಿಗೆ ಅಂಟಿಕೊಂಡು, ಮೂರರಿಂದ ಆರು ವಾರಗಳಲ್ಲಿ ನೆಲೆಗೊಳ್ಳುತ್ತವೆ. ಆಹಾರ ಮಿತವಾಗಿದ್ದರೆ ಬಿಳುಪು ಕೆಲವು ದಿನಗಳಿಂದ ಎರಡು ವಾರಗಳೊಳಗೆ ತಾನೇ ಇಳಿಯುತ್ತದೆ.

ಆ ಹುಡುಗ ದಿನಕ್ಕೊಂದು ಬಾಲ್ದಿ ನೀರು ಬದಲಿಸುತ್ತ ಅಮೋನಿಯಾವನ್ನು ಹದ್ದಿನಲ್ಲಿಟ್ಟಿದ್ದ. ಮರಳಿನ ಜೀವಿಗಳನ್ನು ಬೆಳೆಯಗೊಟ್ಟಿದ್ದ. ನಾನು ಬ್ಲೀಚಿಂಗ್ ಪುಡಿಯಿಂದ ಅವೆಲ್ಲವನ್ನೂ ಕೊಂದು, ಅನಂತರ ನೀರು ತಿಳಿಯಾಗಿದೆಯೆಂದು ಬದಲಿಸುವುದನ್ನೂ ನಿಲ್ಲಿಸಿಬಿಟ್ಟೆ. ಅಮೋನಿಯಾಕ್ಕೆ ಬಣ್ಣವಿಲ್ಲ. ನೀರು ಕ್ಷಾರೀಯವಾದಷ್ಟೂ ಅದರ ವಿಷ ಹೆಚ್ಚು. ತೊಳೆದ ಮೇಲೂ ಮರಳಿನಲ್ಲಿ ಉಳಿದಿದ್ದಿರಬಹುದಾದ ಬ್ಲೀಚಿಂಗ್ ಪುಡಿಯ ಸುಣ್ಣ ಆ ಕೆಲಸವನ್ನೂ ಮಾಡಿರಬಹುದು. ಫ್ರೆಂಚರ ಕೊಳವೆಗೆ ಇಪ್ಪತ್ತು ದಿನ ಹಿಡಿದಿತ್ತು. ನಮ್ಮ ತೊಟ್ಟಿಗೆ ಎರಡು ವಾರವೂ ಸರಿಯಾಗಿ ತುಂಬಿರಲಿಲ್ಲ.

ಎಲ್ಲ ಕೊಳೆಯೂ ತೊಳೆಯತಕ್ಕದ್ದಲ್ಲ ಎಂಬುದಕ್ಕೆ ಚರಿತ್ರೆಯಲ್ಲಿ ಇನ್ನೂ ದೊಡ್ಡ ಸಾಕ್ಷಿಯಿದೆ. ಜೇಮ್ಸ್ ಸಿಂಪ್ಸನ್ 1829ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಮಾದರಿಯ ಮರಳುಸೋಸುಕಗಳಲ್ಲಿ ಮೇಲ್ಪದರಕ್ಕೆ ಕಟ್ಟುವ ಜೀವಂತ ಲೋಳೆಯೇ ರೋಗಾಣುಗಳನ್ನು ತಡೆಯುವುದರಲ್ಲಿ ಮುಖ್ಯ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾದಿಂದ ಸುಮಾರು 8,600 ಮಂದಿ ಸತ್ತರು. ಅದಕ್ಕೆ ತಾಗಿಕೊಂಡೇ ಇದ್ದ ಆಲ್ಟೋನಾ ಅದೇ ಎಲ್ಬೆ ನದಿಯ ನೀರನ್ನು ಮರಳಿನಲ್ಲಿ ಸೋಸಿ ಕುಡಿಯುತ್ತಿದ್ದುದರಿಂದ ಬಹುಮಟ್ಟಿಗೆ ಪಾರಾಯಿತು.

ನಾನು ಕಲಿಸಿದ ಪಾಠವೂ ಈಗ ಹಳತಾಗಿದೆ, ಅದನ್ನೂ ತಿದ್ದಿಬಿಡುತ್ತೇನೆ. 2005ರಲ್ಲಿ ಅಮೆರಿಕದ ಸಿಯಾಟಲ್ ನಗರದ ಮತ್ಸ್ಯಾಲಯದ ತೊಟ್ಟಿಯೊಂದರಿಂದ, ಅಮೋನಿಯಾವನ್ನು ಕರಗಿಸುವ, ಆದರೆ ಬ್ಯಾಕ್ಟೀರಿಯಾವೇ ಅಲ್ಲದ ಆರ್ಕಿಯಾ ಗುಂಪಿನ ಜೀವಿಯನ್ನು ಪ್ರತ್ಯೇಕಿಸಿದರು. ಸಿಹಿನೀರಿನ ತೊಟ್ಟಿಗಳಲ್ಲಿ ಎರಡನೆಯ ಹಂತದ ಕೆಲಸ ನೈಟ್ರೋಬ್ಯಾಕ್ಟರಿನದಲ್ಲ, ಹೆಚ್ಚಾಗಿ ನೈಟ್ರೋಸ್ಪೈರಾದ್ದು ಎಂದು 1998ರಲ್ಲಿಯೇ ತಿಳಿದಿತ್ತು. 2015ರಲ್ಲಂತೂ ಎರಡೂ ಹಂತಗಳನ್ನು ಒಂದೇ ಜೀವಿ ಮುಗಿಸಬಲ್ಲುದೆಂದು ಎರಡು ತಂಡಗಳು ಏಕಕಾಲಕ್ಕೆ ತೋರಿಸಿದವು. ಅವುಗಳಲ್ಲೊಂದು ತಂಡಕ್ಕೆ ಆ ಜೀವಿ ಸಿಕ್ಕಿದ್ದು ಮೀನುಸಾಕಣೆಯ ಸೋಸುಕದಲ್ಲಿ. ವಿನೊಗ್ರಾಡ್‌ಸ್ಕಿಯಿಂದ ನೂರಿಪ್ಪತ್ತೈದು ವರ್ಷ ನಿಂತಿದ್ದ ನಂಬಿಕೆ ಹೀಗೆ ಸಡಿಲಿತು. 'ಎರಡು ಹಂತ, ಎರಡು ಜೀವಿ' ಎಂದು ಬರೆಯದವರ ಅಂಕ ಕಳೆದವನು ನಾನು!

ಮಗಳಿಗೆ ಹೇಳಿದ್ದು

ಮಗಳಿಗೆ ದೂರವಾಣಿಯಲ್ಲಿ ಹೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ. ನೀರು ಹಾಲಿನಂತಾದರೆ ಒಂದೆರಡು ದಿನ ಆಹಾರ ನಿಲ್ಲಿಸಿ, ಅನಂತರವೂ ಚಿಟಿಕೆಯಷ್ಟೇ ಹಾಕಿ. ತೊಟ್ಟಿಯನ್ನು ಪೂರ್ತಿ ಖಾಲಿ ಮಾಡದೆ ಕಾಲು ಭಾಗದಷ್ಟು ನೀರನ್ನು ಮಾತ್ರ ಬದಲಿಸಿ. ನಲ್ಲಿಯ ನೀರಾದರೆ ಕ್ಲೋರಿನ್ ಕಳೆಯುವ ದ್ರಾವಣ ಬೆರೆಸಿಯೇ ಬಳಸಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಮೆಲ್ಲಗೆ ಹಿಂಡಿ. ಗಾಳಿಯಂತ್ರ ನಿಲ್ಲಿಸಬೇಡಿ, ಆ ಬಿಳಿಯ ಬ್ಯಾಕ್ಟೀರಿಯಾಗಳೂ ಆಮ್ಲಜನಕ ಹೀರುತ್ತವೆ. ಪರಿಚಯದವರ ಹಳೆಯ ತೊಟ್ಟಿಯ ಸ್ಪಂಜಿನ ತುಂಡೊಂದು ಸಿಕ್ಕರೆ ಅದಕ್ಕಿಂತ ದೊಡ್ಡ ಉಡುಗೊರೆಯಿಲ್ಲ. ಮೊದಲ ದಿನವೇ ಮಸುಕಾಗಿದ್ದರೆ ಅದು ಮರಳು ತೊಳೆಯದ ದೂಳು. ಹಸಿರಾದರೆ ಬಿಸಿಲು ಹೆಚ್ಚಾಗಿ ಬೆಳೆದ ಪಾಚಿ. ಅಜ್ಜಿಯ ಪಟಿಕವನ್ನು ಮಾತ್ರ ಮೀನಿರುವ ನೀರಿಗೆ ಹಾಕಬೇಡಿ. ಅದು ನೀರನ್ನು ಹುಳಿಯಾಗಿಸುತ್ತದೆ, ನಮ್ಮ ಚಿರೆಕಲ್ಲಿನ ಸೀಮೆಯ ಮೆದು ನೀರಿನಲ್ಲಂತೂ ಬಲು ಬೇಗ.

ಹದಿನಾರನೆಯ ದಿನ ಮೊಮ್ಮಗ ತಾನೇ ಮಾತಾಡಿದ: "ಅಜ್ಜಾ, ಆ ಕಡೆಯ ಗೋಡೆ ಕಾಣ್ತಾ ಇದೆ!" ಮೀನುಗಳೆಲ್ಲ ಇವೆಯೇ ಎಂದು ಕೇಳಿದೆ. ಎಣಿಸಿ ಹೇಳಿದ. ಎಲ್ಲವೂ ಇದ್ದವು.

ಇನ್ನೊಂದು ಮಾತು, ಒಬ್ಬನಿಗಾಗಿ. ಈ ಪುಟವನ್ನು ನನ್ನ ಹಳೆಯ ವಿದ್ಯಾರ್ಥಿಗಳು ಹಲವರು ಓದುತ್ತೀರಿ. ನಿಮ್ಮಲ್ಲಿ ಅವನೂ ಇದ್ದಾನೋ ಇಲ್ಲವೋ ನಾನರಿಯೆ. ಇದ್ದರೆ ಅವನಿಗೆ ತಾನೇ ಎಂದು ತಿಳಿಯುತ್ತದೆ. ಮಗೂ, ಅಂದು ನೀನು ಹೇಳಿದ್ದೇ ಸರಿಯಾಗಿತ್ತು. ನೀನು ಕಣ್ಣಾರೆ ನೋಡಿ ಹೇಳಿದ್ದೆ. ನಾನು ನೋಡದೆಯೇ ಗದರಿದೆ. ಮೀನುಗಳು ಸತ್ತದ್ದು ನನ್ನಿಂದ. ತರಗತಿಯೆದುರು ನಿನ್ನನ್ನು ಗದರಿದವನು ತರಗತಿಯೆದುರೇ ಇದನ್ನು ಒಪ್ಪಿಕೊಳ್ಳಬೇಕಾಗಿತ್ತು. ಆ ತರಗತಿಯವರಲ್ಲಿ ಕೆಲವರಾದರೂ ಇಲ್ಲಿರುವುದರಿಂದ ಇಂದು ಒಪ್ಪಿಕೊಳ್ಳುತ್ತಿದ್ದೇನೆ. ಊರಿಗೆ ಬಂದಾಗ ಮನೆಯ ಕಡೆ ಬಾ. ಬಾವಿಯಲ್ಲಿ ಈಗಲೂ ಮೀನುಗಳಿವೆ.